ಇಬೆಮಕ್ಕನ ಭಾಷೆಯ ಕುಲಗೋತ್ರ

ದಾಮೋದರಭಾಯಿ ಇಬೆಮಕ್ಕನ ಕೊಡವನ್ನು ಕಾಲಿನಿಂದ ಸರಿಸಿದ. ಕೈಯಿಂದ ಸರಿಸಿದ್ದರೆ ಪಟ್ಟಾಭಿರಾಮ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದನೋ ಏನೋ. ಚೀನಾದ ಯುದ್ಧ ಮುಗಿದು ಆರು ವರ್ಷವಾಯಿತು, ನಡುವೆ ಪಾಕಿಸ್ತಾನದ ಜೊತೆ ಇನ್ನೊಂದು ಯುದ್ಧ ಬಂದು ಹೋಯಿತು, ವಡೋದರದ ಆ ಚಾಳಿನಲ್ಲಿ ಈಗ ಮನೆಗೊಂದು ನಲ್ಲಿ ಬಂದಿದೆ. ಆದರೂ ಆ ಕಾಲು ನೆನಪಾದರೆ ಪಟ್ಟಾಭಿರಾಮ ಕೈಯ ತುತ್ತನ್ನು ತಟ್ಟೆಗೇ ಇಟ್ಟುಬಿಡುತ್ತಾನೆ.

“ಎಡಗಾಲಿಂದ ಕಣೇ. ನಾಯಿ ತಟ್ಟೆ ಸರಿಸಿದ ಹಾಗೆ.”

“ಎಡಗಾಲೋ ಬಲಗಾಲೋ, ಮೊದಲು ಊಟ ಮುಗಿಸಿ,” ಎನ್ನುತ್ತಾಳೆ ಹೆಂಡತಿ ಹೇಮಲತಾ.

ಪಟ್ಟಾಭಿರಾಮ ಅರಸೀಕೆರೆಯವನು. ನಾಲ್ಕನೇ ಕ್ಲಾಸಿಗೇ ಅವನ ಓದು ಮುಗಿಯಿತು. ಮುಗಿದದ್ದು ಒಂದು ಅಕ್ಷರದ ದೆಸೆಯಿಂದ. ಕ ಖ ಗ ಘ ಆದ ಮೇಲೆ ಬರುತ್ತದಲ್ಲ, ಙ, ಅದನ್ನು ಅವನು ಮೂಗಿನಿಂದ ಹೊರಡಿಸಲಾರದೆ ಒದ್ದಾಡಿದ. ಮೇಷ್ಟರು ಬೆತ್ತ ತೆಗೆದುಕೊಂಡರು. “ಈ ಅಕ್ಷರ ಯಾವ ಮಾತಿನಲ್ಲಿ ಮೊದಲು ಬರುತ್ತೆ ಹೇಳಿ ಸಾರ್, ಆಮೇಲೆ ಹೊಡೀರಿ,” ಎಂದ ಹುಡುಗ. ಮೇಷ್ಟರಿಗೆ ಹೇಳಲಾಗಲಿಲ್ಲ, ಹಾಗಾಗಿ ಇನ್ನೂ ಜೋರಾಗಿ ಹೊಡೆದರು. ಪಟ್ಟಾಭಿರಾಮ ಬೆತ್ತ ಕಿತ್ತುಕೊಂಡು ಮುರಿದು, ಎರಡು ತುಂಡನ್ನೂ ಮೇಜಿನ ಮೇಲಿಟ್ಟು ಮನೆಗೆ ನಡೆದ. ಬೊಂಬಾಯಿಯಲ್ಲಿ ರೈಲ್ವೆಯಲ್ಲಿದ್ದ ಸೋದರಮಾವ ಕರೆದುಕೊಂಡು ಹೋಗಿ ಕೆಲಸಕ್ಕೆ ಹಚ್ಚಿದ. ಅಲ್ಲಿಂದ ಜಗಳಕ್ಕೊಂದು ವರ್ಗಾವಣೆಯಂತೆ ಊರು ಸುತ್ತಿ, ಕಡೆಗೆ ವಡೋದರ ಸ್ಟೇಷನ್ನಿಗೆ ಬಂದು ಬಿದ್ದ.

ಅಲ್ಲಿ ಅವನ ಕೆಲಸ ಚಕ್ರ ತಟ್ಟುವುದು. ಗಾಡಿ ಬಂದು ನಿಂತೊಡನೆ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದು ಚಕ್ರಕ್ಕೂ ಒಂದೇಟು ಕೊಡುತ್ತ ಹೋಗಬೇಕು. ನೆಟ್ಟಗಿದ್ದ ಚಕ್ರ ಗಂಟೆಯಂತೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಥಪ್ ಎನ್ನುತ್ತದೆ. ಆ ಕಿವಿಯ ಮೇಲೆ ಪಟ್ಟಾಭಿರಾಮನಿಗೆ ಬಹಳ ಜಂಬ.

ಕ್ವಾರ್ಟರ್ಸಿನ ಸರದಿ ಬಂದಿರಲಿಲ್ಲವಾಗಿ ಪ್ರತಾಪನಗರದ ಕಡೆ ಒಂದು ಚಾಳಿನಲ್ಲಿ ಮನೆ ಹಿಡಿದಿದ್ದ. ಒಂದೇ ಅಂಗಳಕ್ಕೆ ಬಾಗಿಲು ತೆರೆದ ಮನೆಗಳ ಸಾಲು, ನಡುವೆ ಎಲ್ಲರಿಗೂ ಒಂದೇ ನಲ್ಲಿ, ಮುಂದುಗಡೆಯ ದೊಡ್ಡ ಮನೆಯಲ್ಲಿ ಚಾಳಿನ ಯಜಮಾನ ದಾಮೋದರಭಾಯಿ. ಖಾದಿ ಉಡುತ್ತಿದ್ದ, ನಲವತ್ತೆರಡರಲ್ಲಿ ಬ್ರಿಟಿಷರ ಜೈಲು ಕಂಡು ಬಂದಿದ್ದ. ಕೆಟ್ಟ ಮನುಷ್ಯ ಎನ್ನುವ ಹಾಗಿರಲಿಲ್ಲ. ತಾನು ಹೇಳಿದ್ದೇ ಸರಿ ಎಂದು ದೇವರಾಣೆಗೂ ನಂಬಿದ್ದವನು, ಅಷ್ಟೆ.

ಪಟ್ಟಾಭಿರಾಮನ ಬಾಗಿಲಿಗೆ ಎದುರು ಬಾಗಿಲು ಇಬೆಮ್‌ಹಲ್‌ಳದು. ಮಣಿಪುರದವಳು, ಮೂವತ್ತು ದಾಟಿದ ವಿಧವೆ, ಕಲಕತ್ತೆಯಲ್ಲಿ ನರ್ಸಿಂಗ್ ಓದಿ ವಡೋದರದ ಒಂದು ಪ್ರಸೂತಿ ಗೃಹಕ್ಕೆ ಬಂದು ಸೇರಿದ್ದಳು. ಹಣೆಯಿಂದ ಮೂಗಿನ ತುದಿಯವರೆಗೆ ಗಂಧದ ಗೀರು, ಕೊರಳಲ್ಲಿ ತುಳಸಿಮಣಿ. ಚಾಳಿನ ಗುಜರಾತಿ ಹೆಂಗಸರು ಅವಳ ಹೆಸರನ್ನು ಮೊಟಕುಮಾಡಿ ಇಬೇಬೆನ್ ಎನ್ನುತ್ತಿದ್ದರು. ಹೇಮಲತೆಗೆ ಅವಳು ಇಬೆಮಕ್ಕ. ಪಟ್ಟಾಭಿರಾಮನನ್ನು ಅವಳು ತಾಮೊ ಎಂದು ಕರೆಯುತ್ತಿದ್ದಳು, ಅವಳ ಭಾಷೆಯಲ್ಲಿ ಅಣ್ಣ.

ಹೇಮಲತೆಗೆ ಎರಡು ಸಲ ಬಸಿರು ನಿಂತು ಎರಡೂ ಕೈಗೆ ಹತ್ತಿರಲಿಲ್ಲ. ಎರಡನೆಯದಂತೂ ಆಸ್ಪತ್ರೆಯ ಮಂಚದ ಮೇಲೇ ಹೋಯಿತು. ಆವತ್ತಿನಿಂದ ಅವಳು ಆಸ್ಪತ್ರೆಯ ಹೊಸಿಲು ತುಳಿಯಲು ಒಪ್ಪುತ್ತಿರಲಿಲ್ಲ. ಅರವತ್ತೆರಡರಲ್ಲಿ ಮೂರನೆಯ ಸಲ ನಿಂತಾಗ ಇಬೆಮಕ್ಕ ತನ್ನ ಮುರುಕು ಹಿಂದಿಯಲ್ಲಿ, “ಈ ಸಲ ನನ್ನ ಕೈಗೆ ಬಿಡಿ. ನೀವು ಮೆಟ್ಟಿಲು ಹತ್ತಬೇಡಿ, ನೀರು ಹೊರಬೇಡಿ, ಹೆದರಬೇಡಿ. ಆ ಹೊತ್ತಿಗೆ ನಾನಿರುತ್ತೇನೆ,” ಎಂದಳು. ದಿನಾ ಕೆಲಸದಿಂದ ಬಂದವಳೇ ಹೇಮಲತೆಯ ಕೈ ಹಿಡಿದು ನಾಡಿ ನೋಡುತ್ತಿದ್ದಳು. ಮನುಷ್ಯರು ಎಷ್ಟು ಭಾಷೆ ಕಲಿತರೂ ಎಣಿಸುವುದು ತಾಯಿಯ ಭಾಷೆಯಲ್ಲೇ. ಅವಳೂ ತುಟಿಯೊಳಗೇ, “ಅಮಾ, ಅನಿ, ಅಹುಮ್, ಮರಿ, ಮಙಾ...” ಎಂದು ಎಣಿಸುತ್ತಿದ್ದಳು.

ಒಂದು ಸಂಜೆ ಅಟ್ಟದಿಂದ ಇಳಿಯುತ್ತಿದ್ದ ಶ್ರೀಪಾದನ ಕಿವಿಗೆ ಅದು ಬಿತ್ತು. ಶ್ರೀಪಾದ ಧಾರವಾಡದವನು, ಯೂನಿವರ್ಸಿಟಿಯಲ್ಲಿ ಭಾಷಾಶಾಸ್ತ್ರ ಕಲಿಸುತ್ತಿದ್ದ ಮದುವೆಯಾಗದ ಮೇಷ್ಟ್ರು. ಕನ್ನಡದವರ ಮನೆಯೂಟ ಸಿಗುತ್ತದೆಂದು ಪಟ್ಟಾಭಿರಾಮನ ಅಟ್ಟದ ಮೇಲಿದ್ದ. ಅವನು ಮೆಟ್ಟಿಲ ಮೇಲೇ ಕೂತುಬಿಟ್ಟ.

“ಇನ್ನೊಮ್ಮೆ ಎಣಸ್ರಿ ಸಿಸ್ಟರ. ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಮ್ಮೆ.”

“ಯಾಕ್ರೀ, ಅವಳ ನಾಡಿ ನಿಂತು ಹೋಯ್ತಾ?” ಎಂದು ಪಟ್ಟಾಭಿರಾಮ ಗಾಬರಿಯಿಂದ ಹೊರಗೆ ಬಂದ.

“ನಾಡಿ ಅಲ್ರಿ. ಐದು ಅನ್ನಲಿಕ್ಕೆ ಇವರು ಮಙಾ ಅಂದ್ರು, ಕೇಳಿದ್ರೇನು? ಟಿಬೆಟಿನವರು ಙಾ ಅಂತಾರ, ಬರ್ಮಾದವರು ಙಾ ಅಂತಾರ. ಮೂರಕ್ಕ ಇವರು ಅಹುಮ್, ಟಿಬೆಟಿನವರು ಸುಮ್. ನೂರಾರು ಮೈಲಿ ದೂರ, ನಡುವ ಹಿಮಾಲಯ, ಆದ್ರೂ ಬೆರಳು ಮಡಚೂದು ಒಂದೇ ರೀತಿ.”

ಅಲ್ಲಿಂದ ಶುರುವಾಯಿತು. ಇಬೆಮಕ್ಕನಿಗೆ ಬಿಡುವಿದ್ದಾಗಲೆಲ್ಲ ಪಟ್ಟಾಭಿರಾಮನ ಜಗಲಿಯ ಮೇಲೆ ಶ್ರೀಪಾದನ ಪಾಠ. ಪಾಠ ಯಾರಿಗೆ ಯಾರದು ಎಂದು ಹೇಳುವುದು ಕಷ್ಟ. ಶ್ರೀಪಾದ ಕಣ್ಣು ಮುಟ್ಟಿ ತೋರಿಸುವನು, ಅವಳು ಮಿತ್ ಎನ್ನುವಳು. ಬೆಂಕಿ ತೋರಿಸಿದರೆ ಮೈ, ನೀರು ತೋರಿಸಿದರೆ ಈಶಿಂಗ್. ಅವಳ ತುಟಿಯ ಮುಂದೆ ದೀಪ ಹಿಡಿಯುವ ಕೆಲಸ ಪಟ್ಟಾಭಿರಾಮನದು. ಪ ಅಂದರೆ ಕುಡಿ ಅಲುಗುತ್ತಿರಲಿಲ್ಲ, ಫ ಅಂದರೆ ಬಗ್ಗಿ ಕೆಲವು ಸಲ ಆರಿಯೇ ಹೋಗುತ್ತಿತ್ತು. ಎರಡೂ ಅವರ ಭಾಷೆಯಲ್ಲಿ ಬೇರೆ ಬೇರೆ ಎನ್ನುವುದಕ್ಕೆ ಅದು ಸಾಕ್ಷಿಯಂತೆ. “ರೈಲ್ವೇಲಿ ಇಪ್ಪತ್ತು ವರ್ಷ ದೀಪ ಹಿಡಿದಿದ್ದೀನಿ, ಹೆಂಗಸಿನ ಮೂತಿ ಮುಂದೆ ಹಿಡಿಸ್ದೋನು ನೀನೊಬ್ಬ,” ಎಂದು ಗೊಣಗುತ್ತಿದ್ದ. ಎದ್ದು ಮಾತ್ರ ಹೋಗುತ್ತಿರಲಿಲ್ಲ.

ಅನ್ನಕ್ಕೆ ಅವರಲ್ಲಿ ಚಾಕ್. ಕಡೆಯ ಕ್ ಗಂಟಲಲ್ಲೇ ಸಿಕ್ಕಿಕೊಂಡು ಅಲ್ಲೇ ನಿಂತುಬಿಡುತ್ತದೆ, ಉಸಿರು ಹೊರಗೆ ಬರುವುದೇ ಇಲ್ಲ. ಹೇಮಲತಾ ಎಷ್ಟು ಸಲ ಹೇಳಿದರೂ ಚಾಕು ಎನ್ನುತ್ತಿದ್ದಳು.

“ನಮ್ಮ ಕನ್ನಡದ ಬಾಯಿಗೆ ಬಾಲ ಇಲ್ಲದ ಮಾತು ಬರೂದಿಲ್ರಿ ವೈನಿ,” ಎಂದು ಶ್ರೀಪಾದ ನಗುತ್ತಿದ್ದ. “ಬಸ್ ಅಂದ್ರ ಬಸ್ಸು, ಚಾಕ್ ಅಂದ್ರ ಚಾಕು.”

ಒಂದು ದಿನ ಮೀನಿನ ಮಾತು ಬಂತು. ಇಬೆಮಕ್ಕ ಅಂಗಳದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಙಾ,” ಎಂದಳು.

ಪಟ್ಟಾಭಿರಾಮ ದೀಪ ಕೆಳಗಿಟ್ಟ. “ಏನಂದ್ರಿ?”

“ಙಾ. ಮೀನು. ನಮ್ಮೂರಲ್ಲಿ ವೈಷ್ಣವರೂ ತಿನ್ನುತ್ತೇವೆ ತಾಮೊ. ಇಲ್ಲಿಗೆ ಬಂದ ಮೇಲೆ ಮುಟ್ಟಿಲ್ಲ. ಹೆಸರು ಹೇಳಬಹುದಲ್ಲ?”

ಪಟ್ಟಾಭಿರಾಮನಿಗೆ ಮೀನಿನ ಚಿಂತೆಯಿಲ್ಲ. ತಾನು ಏಟು ತಿಂದ ಅಕ್ಷರದಿಂದ ಶುರುವಾಗುವ ಮಾತು ಕಡೆಗೂ ಪ್ರಪಂಚದಲ್ಲಿ ಒಂದಾದರೂ ಸಿಕ್ಕಿತಲ್ಲ ಎಂದು ಅವನ ಮುಖ ಇಷ್ಟಗಲವಾಯಿತು. ಮೇಷ್ಟರ ಕಥೆಯನ್ನು ಅವಳಿಗೆ ಹೇಳಿದ. ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಅವನಿಂದ ಆ ಅಕ್ಷರ ಹೇಳಿಸಿ ತಿದ್ದಿದಳು. ಬೆತ್ತದಿಂದ ಬಾರದ್ದು ನಗುವಿನಿಂದ ಬಂತು.

ಆದರೆ ಏರಿಳಿತ ಮಾತ್ರ ಅವನಿಗೆ ಹತ್ತಲಿಲ್ಲ. ಆ ಭಾಷೆಯಲ್ಲಿ ಒಂದೇ ಮಾತನ್ನು ಎತ್ತರದ ಸ್ವರದಲ್ಲಿ ಅಂದರೆ ಒಂದರ್ಥ, ಇಳಿಸಿ ಅಂದರೆ ಇನ್ನೊಂದರ್ಥ. “ಚಕ್ರದ ಕೂದಲೆಳೆ ಬಿರುಕು ಹಿಡಿಯೋ ಕಿವಿ ನಂದು, ಇದೇನು ಮಹಾ,” ಎಂದು ಕೂತ. ಇಬೆಮಕ್ಕ ಒಂದು ಮಾತನ್ನು ಎರಡು ರೀತಿ ಹೇಳಿದಳು.

“ಎರಡೂ ಒಂದೇ,” ಎಂದ ಪಟ್ಟಾಭಿರಾಮ.

ಒಳಗೆ ಅಕ್ಕಿ ಆರಿಸುತ್ತಿದ್ದ ಹೇಮಲತಾ, “ಎರಡನೇದು ಕೆಳಗಿಳೀತಲ್ಲರೀ,” ಎಂದಳು.

ಆವತ್ತೊಂದು ದಿನ ಅವನು ದೀಪ ಆರಿಸಿ ಎದ್ದು ಹೋದ.

ಶ್ರೀಪಾದ ಅಹಮದಾಬಾದಿಗೆ ಹೋಗಿ, ಅಲ್ಲಿ ವಿಜ್ಞಾನದ ಒಂದು ಸಂಸ್ಥೆಯಲ್ಲಿದ್ದ ಕನ್ನಡದ ಗೆಳೆಯನನ್ನು ಕಾಡಿ ಬೇಡಿ, ದನಿ ಹಿಡಿಯುವ ಟೇಪ್ ಯಂತ್ರ ತಂದ. ಕಲ್ಲಿನಷ್ಟು ಭಾರ. ಸ್ಟೇಷನ್ನಿನಿಂದ ಅದನ್ನು ಹೊತ್ತು ತಂದವನು ಪಟ್ಟಾಭಿರಾಮ. ಜೊತೆಗೆ ಶ್ರೀಪಾದ ಒಂದು ದೊಡ್ಡ ಹಾಳೆಯ ಮೇಲೆ ವಂಶವೃಕ್ಷ ಬರೆದ. ತುದಿಯಲ್ಲಿ ಚೀನಾ-ಟಿಬೆಟ್ ಎಂದು ಕುಟುಂಬದ ಹೆಸರು, ಅಲ್ಲಿಂದ ಎರಡು ಕೊಂಬೆ. ಒಂದರಲ್ಲಿ ಚೀನೀ ಭಾಷೆಗಳು, ಇನ್ನೊಂದರಲ್ಲಿ ಟಿಬೆಟ್-ಬರ್ಮಾದವು. ಆ ಎರಡನೆಯ ಕೊಂಬೆಯ ಕೆಳಗೆ ಟಿಬೆಟಿನ ಭಾಷೆ, ಬರ್ಮಾದ ಭಾಷೆ, ನಾಗಾ, ಕುಕಿ. ಮಣಿಪುರಿಯ ಮುಂದೆ ಕೆಂಪು ಶಾಯಿಯಲ್ಲಿ ಪ್ರಶ್ನೆಯ ಗುರುತು. ಅದು ಕುಕಿಯ ಪಕ್ಕದಲ್ಲಿ ಕೂರಬೇಕೋ, ತನ್ನದೇ ಬೇರೆ ರೆಂಬೆಯೋ, ಅದನ್ನು ತೀರ್ಮಾನಿಸುವುದೇ ಅವನ ಕೆಲಸ.

“ಭಾಷಾಕ್ಕೂ ಕುಲ ಗೋತ್ರ ಅದ ನೋಡ್ರಿ,” ಎಂದ.

“ಹಂಗಾದ್ರೆ ನಮ್ಮದು?”

“ನಮ್ಮದು ದ್ರಾವಿಡ. ತಮಿಳು ತೆಲುಗು ನಮ್ಮ ದಾಯಾದಿ. ಗುಜರಾತಿ, ಹಿಂದಿ, ಇಂಗ್ಲಿಷ್ ಇವೆಲ್ಲಾ ದೂರದಿಂದ ಒಂದೇ ಕುಲ.”

“ಗುಜರಾತಿಗೆ ಇಂಗ್ಲಿಷು ನೆಂಟನಾ?” ಪಟ್ಟಾಭಿರಾಮ ಅದನ್ನು ಬಾಯಿ ಚಪ್ಪರಿಸಿಕೊಂಡು ನೆನಪಿಟ್ಟುಕೊಂಡ.

ಅಟ್ಟದ ಗೋಡೆಯ ಸುಣ್ಣ ಉದುರುತ್ತಿತ್ತು. ಶ್ರೀಪಾದ ಹಾಳೆಯನ್ನು ಕೆಳಗಿನ ಹಜಾರದಲ್ಲಿ, ಬಾಗಿಲಿಗೆ ಎದುರಾಗಿ ತೂಗುಹಾಕಿದ.

ಅಕ್ಟೋಬರಿನಲ್ಲಿ ಚೀನಾದ ಸೈನ್ಯ ಗಡಿ ದಾಟಿತು. ಆ ವರ್ಷ ದೀಪಾವಳಿಗೆ ಚಾಳಿನಲ್ಲಿ ಪಟಾಕಿ ಹೊಡೆಯಲಿಲ್ಲ. ಗಂಡಸರು ರೇಡಿಯೊ ಸುತ್ತ, ಹೆಂಗಸರು ಜವಾನರಿಗೆ ಸ್ವೆಟರು ಹೆಣೆಯುತ್ತ ಕೂತರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಒಪ್ಪವಾಗಿ ಹೆಣೆದು ಕೊಟ್ಟವಳು ಇಬೆಮಕ್ಕ. ಆದರೆ ಸುದ್ದಿಗಳು ಬರತೊಡಗಿದವು. ಚೀನೀ ಮುಖದವರನ್ನು ಊರೂರಲ್ಲಿ ಹಿಡಿದು ದೂರದ ಶಿಬಿರಕ್ಕೆ ಸಾಗಿಸುತ್ತಿದ್ದಾರಂತೆ, ಯಾವುದೋ ಊರಲ್ಲಿ ಚೀನಾ ಮೂಲದ ಹಲ್ಲಿನ ಡಾಕ್ಟರೊಬ್ಬನ ಅಂಗಡಿ ಒಡೆದರಂತೆ. ಸ್ವೆಟರುಗಳನ್ನು ಒಯ್ಯಲು ಬಂದ ದಾಮೋದರಭಾಯಿ ಪಟ್ಟಾಭಿರಾಮನ ಹಜಾರದಲ್ಲಿ ನಿಂತು, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಆ ವಂಶವೃಕ್ಷ ಓದಿದ. ತುದಿಯಲ್ಲಿ ಚೀನಾ. ಕೆಳಗೆ ಮಣಿಪುರ, ಅದರ ಮುಂದೆ ಕೆಂಪು ಗುರುತು. ಅಟ್ಟದ ಮೇಲೆ ಯಂತ್ರವೊಂದಿದೆ, ಆ ಹೆಂಗಸು ಅದರ ಮುಂದೆ ಕೂತು ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾಳೆ. ಅವನಿಗೆ ಅಷ್ಟು ಸಾಕಾಯಿತು. ಸ್ವೆಟರುಗಳನ್ನು ಮಾತ್ರ ಒಯ್ದ. ಅವಳು ಹೆಣೆದದ್ದೂ ಅದರಲ್ಲಿತ್ತು.

ಮಾರನೆಯ ಬೆಳಗ್ಗೆ ನಲ್ಲಿಯ ಬಳಿ ಇಬೆಮಕ್ಕನ ಸರದಿ ಬಂದಾಗ ಅವನು ಕೊಡವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಕೊಡ ಉರುಳಿ ಮೋರಿಯ ಅಂಚಿಗೆ ಹೋಗಿ ನಿಂತಿತು. ಡ್ಯೂಟಿ ಮುಗಿಸಿ ಬರುತ್ತಿದ್ದ ಪಟ್ಟಾಭಿರಾಮ ಅದನ್ನು ಕಂಡ. ಸುತ್ತಿಗೆ ಕೈಯಲ್ಲೇ ಇತ್ತು.

ಇಬೆಮಕ್ಕ ಅವನಿಗೆ ಅಡ್ಡ ಬಂದಳು. ಕೊಡ ಎತ್ತಿಕೊಂಡು, “ನಾನು ಹುಡುಗಿಯಾಗಿದ್ದಾಗ ಇಂಫಾಲದ ಮೇಲೆ ಜಪಾನಿನ ಬಾಂಬು ಬಿದ್ದವು ತಾಮೊ. ಗದ್ದೆಯಲ್ಲಿ ಮುಖ ಅಡಿ ಮಾಡಿ ಮಲಗಿದ್ದೆವು. ಇದು ಬರೀ ಕೊಡ,” ಎಂದಳು.

ಆವತ್ತಿನಿಂದ ಅವಳ ಮನೆಗೆ ನೀರು ಹೊತ್ತವನು ಪಟ್ಟಾಭಿರಾಮ. ಭಾನುವಾರ ಅಂಗಳದಲ್ಲಿ ಸಭೆ ಎಂದು ದಾಮೋದರಭಾಯಿ ಸಾರಿದ. ಆ ಹೆಂಗಸು ಚಾಳಿನಲ್ಲಿರಬೇಕೋ ಬೇಡವೋ, ಅದೊಂದೇ ವಿಷಯ. ಹೇಮಲತೆಗೆ ಆಗ ಏಳನೆಯ ತಿಂಗಳು.

ಶನಿವಾರ ಸಂಜೆ ಪಟ್ಟಾಭಿರಾಮ ಶ್ರೀಪಾದನನ್ನು ಜಗಲಿಯ ಮೇಲೆ ಕೂರಿಸಿಕೊಂಡ. “ನೋಡು ಮಾರಾಯ. ನಾಳೆ ನಿನ್ನ ಕೇಳ್ತಾರೆ. ಚೀನೀ ಭಾಷೆಗೂ ಇವಳ ಭಾಷೆಗೂ ಏನೂ ಸಂಬಂಧ ಇಲ್ಲ ಅಂದುಬಿಡು. ಒಂದೇ ಮಾತು.”

“ಇಲ್ಲ ಅಂದ್ರ ಸುಳ್ಳಾಗ್ತದಲ್ರಿ.”

“ಆಗ್ಲಿ. ನಿನ್ನ ಹಾಳೆ ಹರಿದು ಒಲೆಗೆ ಹಾಕು.”

“ಹಾಳೆ ಹರದ್ರ ಕುಲ ಬದಲಾಗ್ತದೇನ್ರಿ? ನಾ ತಿಳಿಸಿ ಹೇಳ್ತೀನಿ. ಕುಟುಂಬ ಒಂದ ಇದ್ರೂ ಅವರ ಮಾತು ಇವರಿಗೆ ತಿಳಿಯೂದಿಲ್ಲ, ಸಾವಿರಾರು ವರ್ಷದ ಹಿಂದ ಮನಿ ಬ್ಯಾರೆ ಆಗ್ಯಾವ ಅಂತ. ತಿಳದವರು ತಿಳ್ಕೋತಾರ.”

“ಅಲ್ಲಿ ಕೂತಿರೋರು ತಿಳ್ಕೊಳ್ಳೋಕೆ ಬರ್ತಿಲ್ಲ ಕಣಯ್ಯ.”

ಸಭೆಯಲ್ಲಿ ಶ್ರೀಪಾದ ತಿಳಿಸಿ ಹೇಳಿದ. ಪಾಪ, ಹಾಳೆಯನ್ನೂ ಹಿಡಿದು ಬಂದಿದ್ದ. ಒಂದು ಎರಡು ಮೂರು ಎಂದು ಎಲ್ಲ ಭಾಷೆಯಲ್ಲೂ ಎಣಿಸಿ ತೋರಿಸಿದ. ಚೀನಿ ಬೇರೆ ಕೊಂಬೆ, ಮಣಿಪುರಿ ಬೇರೆ ಕೊಂಬೆ ಎಂದು ಬೆರಳಿಟ್ಟು ತೋರಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅರ್ಧ ಹೇಳಿ ಅರ್ಧ ಮುಚ್ಚುವುದು ಅವನ ಜಾಯಮಾನದಲ್ಲಿರಲಿಲ್ಲ. “ಹಾಂ, ಐದಕ್ಕೆ ಹಳೆಯ ಚೀನಿಯಲ್ಲೂ ಇಂಥದ್ದೇ ಒಂದು ಸದ್ದು ಇತ್ತು, ಅದು ನಿಜ,” ಎಂದು ಸೇರಿಸಿದ.

ದಾಮೋದರಭಾಯಿ ಎರಡು ಕೈಯನ್ನೂ ಅಂಗಳದ ಕಡೆ ಚಾಚಿದ. “ಕೇಳಿದಿರಾ? ಮಾಸ್ತರರ ಬಾಯಿಂದಲೇ ಬಂತು. ಕುಟುಂಬ ಒಂದೇ.”

ಇಬೆಮಕ್ಕ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಕಡೆ ನೋಡಿದ ಪಟ್ಟಾಭಿರಾಮನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. ಅವನ ಗುಜರಾತಿ ಹಿಂದಿಯ ಮೇಲೆ ಹಾಸಿದ ಗುಜರಾತಿ, ಆದರೂ ಎಲ್ಲರಿಗೂ ತಿಳಿಯುವಷ್ಟು ಗಟ್ಟಿಯಾಗಿತ್ತು.

“ಇದೇ ಮಾಸ್ತರು ನನಗೆ ಇನ್ನೊಂದು ಹೇಳಿದ್ದಾರೆ ದಾಮೋದರಭಾಯಿ. ನಿಮ್ಮ ಗುಜರಾತಿ ಮತ್ತು ಇಂಗ್ಲಿಷ್ ಒಂದೇ ಕುಟುಂಬ. ಹಾಗಾದರೆ ನೀವು ಇಂಗ್ಲಿಷರ ದಾಯಾದಿ. ಅವರು ಹಡಗು ಹತ್ತಿ ಹದಿನೈದು ವರ್ಷವಾಯಿತು, ನೀವು ಯಾಕೆ ಇಲ್ಲೇ ಉಳಿದಿರಿ? ಲೆಕ್ಕ ನೋಡಿದರೆ ಈ ಚಾಳಿನಲ್ಲಿ ಗಂಟು ಕಟ್ಟಬೇಕಿಲ್ಲದವರು ನಾನು, ನನ್ನ ಹೆಂಡತಿ, ಈ ಧಾರವಾಡದವನು. ನಾವು ಕನ್ನಡದವರು, ನಮಗೆ ಇಂಗ್ಲಿಷರೂ ಸಂಬಂಧವಿಲ್ಲ, ಚೀನಿಯೂ ಸಂಬಂಧವಿಲ್ಲ.”

ಹಿಂದುಗಡೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕೆಲಸ ಕೆಡಿಸಿತು. ಬ್ರಿಟಿಷರ ಜೈಲಿನಲ್ಲಿ ಹಲ್ಲು ಕಳೆದುಕೊಂಡವನಿಗೆ ಇಂಗ್ಲಿಷರ ದಾಯಾದಿ ಎಂದರೆ ಹೇಗಾಗಬೇಡ. ದಾಮೋದರಭಾಯಿ ಮೊದಲು ಅವಳ ಕಡೆ, ಆಮೇಲೆ ಪಟ್ಟಾಭಿರಾಮನ ಕಡೆ ಬೆರಳು ತೋರಿಸಿದ.

“ಅವಳೂ ಹೊರಡಲಿ, ಇವನೂ ಹೊರಡಲಿ. ತಿಂಗಳ ಕೊನೆಗೆ ಎರಡು ಮನೆಯೂ ಖಾಲಿ ಇರಬೇಕು.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಮನೆಗೆ ಬಂದಾಗ ಹೇಮಲತಾ ಗೋಡೆಗೆ ಒರಗಿ ಕೂತಿದ್ದಳು. “ಈ ಹೊಟ್ಟೆ ಹೊತ್ತುಕೊಂಡು ನಾನೆಲ್ಲಿಗೆ ಹೋಗ್ಲಿ?” ಎಂದಷ್ಟೇ ಕೇಳಿದಳು. ಅವನು ಮೂರು ದಿನ ಊರೆಲ್ಲ ಮನೆ ಹುಡುಕಿದ. ಮಕರಪುರದ ಆಚೆಗೂ ಹೋಗಿ ಬಂದ. ಯುದ್ಧದ ಕಾಲ, ಪರವೂರಿನವನಿಗೆ ಯಾರೂ ಬಾಗಿಲು ತೆರೆಯಲಿಲ್ಲ.

ಆ ವಾರವೇ ಇಬೆಮಕ್ಕ ಹೊರಟುನಿಂತಳು. ಸೂರತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸುಗಳು ಬೇಕಾಗಿದ್ದಾರೆ, ಅಲ್ಲಿಯೇ ಇರಲು ಕೋಣೆಯನ್ನೂ ಕೊಡುತ್ತಾರೆ ಎಂದಳು. ಪಟ್ಟಾಭಿರಾಮ ತಡೆದ. “ಯಾರಿಗೆ ಹೆದರಿ ಹೋಗ್ತೀರಿ? ನಾನಿದ್ದೀನಿ,” ಎಂದ.

“ಗೊತ್ತು ತಾಮೊ,” ಎಂದಳು. ಹೇಮಲತೆಯ ನಾಡಿಯನ್ನು ಇನ್ನೊಮ್ಮೆ ಹಿಡಿದು, ತುಟಿಯೊಳಗೇ ಎಣಿಸಿ, ಕೈ ಬಿಟ್ಟಳು. “ಕರೆ ಕಳಿಸಿ. ಬರುತ್ತೇನೆ.”

ಯುದ್ಧ ನಿಂತಿತು. ತಿಂಗಳು ಕಳೆಯಿತು. ಮನೆ ಖಾಲಿ ಮಾಡು ಎಂದು ದಾಮೋದರಭಾಯಿ ಮತ್ತೆ ಬಾಯಿ ಬಿಡಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ, ಅಷ್ಟೆ.

“ಗದರಿಸಿದ್ದಕ್ಕೆ ಬಾಲ ಮುದುರಿಕೊಂಡ ನೋಡು,” ಎಂದು ಪಟ್ಟಾಭಿರಾಮ ಮೀಸೆಯ ಮೇಲೆ ಕೈ ಹಾಕಿದ. “ಇಂಥೋರ ಹತ್ರ ಮೆತ್ತಗೆ ಮಾತಾಡಬಾರದು.”

“ಹೂಂ, ನಿಮಗೆ ಹೆದರಿ ಹುಲಿಗಳೂ ಕಾಡು ಬಿಟ್ಟಿವೆ,” ಎಂದಳು ಹೇಮಲತಾ. ಅವಳಿಗೂ ಕಾರಣ ಗೊತ್ತಿರಲಿಲ್ಲ.

ಶ್ರೀಪಾದ ಭಾನುವಾರಗಳಂದು ಆ ಭಾರದ ಯಂತ್ರ ಹೊತ್ತು ಸೂರತ್ತಿಗೆ ಹೋಗಿಬರತೊಡಗಿದ. ತನ್ನಿಂದಲೇ ಹೀಗಾಯಿತೆಂಬ ಕೊರಗು ಅವನಿಗಿತ್ತು. ಇಬೆಮಕ್ಕ ಒಂದು ದಿನವೂ ಆ ಮಾತೆತ್ತಲಿಲ್ಲವಂತೆ. ಮಣಿಪುರಿಯದು ತನ್ನದೇ ಬೇರೆ ರೆಂಬೆ ಎಂದು ಅವನು ತನ್ನ ಮಟ್ಟಿಗೆ ತೀರ್ಮಾನಿಸಿ ಪ್ರಶ್ನೆಯ ಗುರುತನ್ನು ಅಳಿಸಿದ ದಿನ, ಅವಳು ಅವನಿಗೆ ಅನ್ನ ಬಡಿಸಿದಳಂತೆ.

ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಮಾರನೆಯ ದಿನ ಬೆಳಗ್ಗೆ ಹೇಮಲತೆಗೆ ನೋವು ಶುರುವಾಯಿತು. ದಿನ ಇನ್ನೂ ತುಂಬಿರಲಿಲ್ಲ. ಊರಿನ ಜನವೆಲ್ಲ ಮಾಳಿಗೆಯ ಮೇಲೆ, ಆಕಾಶದ ತುಂಬ ಗಾಳಿಪಟ. ಕರೆಸಿದ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಇದೆ, ಆಸ್ಪತ್ರೆಗೆ ಒಯ್ಯಿರಿ ಎಂದು ಎದ್ದಳು. ಹೇಮಲತಾ ಬಾಗಿಲ ಚೌಕಟ್ಟು ಹಿಡಿದುಕೊಂಡು, “ಸತ್ರೆ ಇಲ್ಲೇ ಸಾಯ್ತೀನಿ. ಇಬೆಮಕ್ಕನ್ನ ಕರೆಸಿ,” ಎಂದಳು.

ಪಟ್ಟಾಭಿರಾಮ ಸ್ಟೇಷನ್ನಿಗೆ ಓಡಿದ. ಗಾಡಿಗಳ ಓಡಾಟಕ್ಕೆಂದು ಇದ್ದ ಕಂಟ್ರೋಲ್ ಫೋನಿನಲ್ಲಿ ಮನೆಯ ಮಾತು ಆಡುವ ಹಾಗಿಲ್ಲ. ಆ ಫೋನಿನ ಮುಂದೆ ಕೂತಿದ್ದ ಬಾಬುವಿನ ಜೊತೆ ಅವನು ಎಷ್ಟೋ ಸಲ ಕಿತ್ತಾಡಿದ್ದ. ಆವತ್ತು ಮಾತ್ರ ಕೈ ಮುಗಿದು ನಿಂತ. ಬಾಬು ಅವನ ಮುಖ ನೋಡಿ ಏನನ್ನೂ ಕೇಳದೆ ಸೂರತ್ತಿಗೆ ಹಚ್ಚಿಕೊಟ್ಟ. ಅಲ್ಲಿಂದ ಒಬ್ಬ ಪೋರ್ಟರ್ ಆಸ್ಪತ್ರೆಗೆ ಓಡಿದ. ಕೈಗೆ ಸಿಕ್ಕ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಕೂತು ಇಬೆಮಕ್ಕ ಮಧ್ಯಾಹ್ನಕ್ಕೆ ವಡೋದರದಲ್ಲಿ ಇಳಿದಳು. ನರ್ಸಿನ ಬಿಳಿ ಸೀರೆಯಲ್ಲೇ ಇದ್ದಳು.

ಚಾಳಿನ ಬಾಗಿಲಲ್ಲಿ ದಾಮೋದರಭಾಯಿ ನಿಂತಿದ್ದ. ಪಟ್ಟಾಭಿರಾಮ ಮುಷ್ಟಿ ಬಿಗಿದ. ಇಬೆಮಕ್ಕ ನಿಲ್ಲಲೂ ಇಲ್ಲ, ಅವನ ಕಡೆ ನೋಡಲೂ ಇಲ್ಲ. “ನೀರು ಕಾಯಿಸಿ,” ಎಂದು ಗಾಳಿಗೆ ಹೇಳುವ ಹಾಗೆ ಹೇಳಿ ಒಳಗೆ ನಡೆದಳು. ಕಾಯಿಸಿದ ನೀರಿನ ಹಂಡೆಯನ್ನು ತಾನೇ ಎತ್ತಿಕೊಂಡು ಹಿಂದೆಯೇ ಬಂದವಳು ದಾಮೋದರಭಾಯಿಯ ಹೆಂಡತಿ ವಿಮಲಾಬೆನ್.

ಹೊರಗೆ ಕೂತ ಪಟ್ಟಾಭಿರಾಮನಿಗೆ ಒಳಗಿನ ದನಿ ಕೇಳಿಸುತ್ತಿತ್ತು. ಇಬೆಮಕ್ಕ ಹಿಂದಿ ಬಿಟ್ಟು ತನ್ನ ಭಾಷೆಯಲ್ಲೇ ಮಾತಾಡುತ್ತಿದ್ದಳು, ಹೇಮಲತಾ ಕನ್ನಡದಲ್ಲಿ ಅಳುತ್ತಿದ್ದಳು, ವಿಮಲಾಬೆನ್ ಗುಜರಾತಿಯಲ್ಲಿ ಸಮಾಧಾನ ಮಾಡುತ್ತಿದ್ದಳು. ಇಬೆಮಕ್ಕ ಹೊಟ್ಟೆಯ ಮೇಲಿನಿಂದಲೇ ಕೈಯಾಡಿಸಿ ಕೂಸನ್ನು ತಿರುಗಿಸಿದಳು ಎಂದು ಆಮೇಲೆ ಹೇಳಿದರು. ಮಾಳಿಗೆಗಳ ಮೇಲೆ ಯಾರದೋ ಗಾಳಿಪಟ ಕಡಿದು ಕೂಗೆದ್ದ ಹೊತ್ತಿಗೇ ಒಳಗಿನಿಂದಲೂ ಒಂದು ಕೂಗು ಬಂತು. ಹೆಣ್ಣು ಮಗು. ತಾಯಿಯೂ ಉಳಿದಳು.

ಇಬೆಮಕ್ಕನಿಗೆ ಮಾರನೆಯ ಬೆಳಗ್ಗೆ ಡ್ಯೂಟಿ. ವಿಮಲಾಬೆನ್ ಕೊಟ್ಟ ಚಹಾ ಕುಡಿದು, ಸಂಜೆಯ ಗಾಡಿ ಹತ್ತಿಬಿಟ್ಟಳು. ಅವಳನ್ನು ಗಾಡಿಗೆ ಬಿಟ್ಟು ಬಂದ ಪಟ್ಟಾಭಿರಾಮನನ್ನು ಹೇಮಲತಾ ಹತ್ತಿರ ಕರೆದಳು. ಅವಳ ಕಣ್ಣು ಊದಿದ್ದವು.

“ವಿಮಲಾಬೆನ್ ಹೇಳಿದ್ರು. ಸಭೆಯಾದ ಮಾರನೇ ದಿನ ಇಬೆಮಕ್ಕ ಅವರ ಮನೆ ಮೆಟ್ಟಿಲ ಹತ್ರ ಹೋಗಿ ನಿಂತಿದ್ರಂತೆ. ನಾನು ಹೋಗ್ತೀನಿ, ಆ ಕನ್ನಡದೋರನ್ನ ಮುಟ್ಟಬೇಡಿ, ಈಗ ಮನೆ ಬದಲಾಯಿಸಿದ್ರೆ ಹೇಮಲತೆಗೆ ಈ ಕೂಸೂ ನಿಲ್ಲಲ್ಲ ಅಂದ್ರಂತೆ. ದಾಮೋದರಭಾಯಿ ಇವತ್ತು ಬಾಗಿಲು ಬಿಟ್ಟಿದ್ದೂ, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೂ ಅದಕ್ಕೆ. ನಿಮಗೆ ಹೆದರಿ ಅಲ್ಲ.”

ಪಟ್ಟಾಭಿರಾಮ ನಿಂತೇ ಇದ್ದ. “ನಂಗ್ಯಾಕೆ ಹೇಳಲಿಲ್ಲ?”

“ಹೇಳಬೇಡಿ, ಹೇಳಿದ್ರೆ ತಾಮೊ ಜಗಳಕ್ಕೆ ಬರ್ತಾರೆ ಅಂದಿದ್ರಂತೆ.”

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ, ಹೇಮಲತಾ ಗಾಡಿಯಲ್ಲಿ ಕೂರುವಂತಾದಾಗ, ಮೂವರೂ ಸೂರತ್ತಿಗೆ ಹೋದರು. ದಾರಿಯುದ್ದಕ್ಕೂ ಪಟ್ಟಾಭಿರಾಮ ಹೇಳಬೇಕಾದ ಮಾತನ್ನು ಬಾಯಲ್ಲೇ ಕೂಡಿಸುತ್ತಿದ್ದ. ಬೈಯುವ ಮಾತಾದರೆ ತಾನಾಗಿಯೇ ಬರುತ್ತಿತ್ತು. ತಾಪಿ ಹೊಳೆಯ ಹತ್ತಿರದ ಆಸ್ಪತ್ರೆಯಲ್ಲಿ ಮೇಟ್ರನ್ ಮಗುವಿನ ಕೆನ್ನೆ ತಟ್ಟಿ, ಸಿಸ್ಟರ್ ಹೋದ ವಾರವೇ ಊರಿಗೆ ಹೋದಳು, ತಾಯಿಗೆ ಪಾರ್ಶ್ವವಾಯುವಂತೆ, ಕೆಲಸ ಬಿಟ್ಟೇ ಹೋದಳು ಎಂದರು. ಆಮೇಲೆ ಶ್ರೀಪಾದ ಬರೆದ ಕಾಗದಗಳಿಗೂ ಉತ್ತರ ಬರಲಿಲ್ಲ.

ಆವತ್ತು ಸೂರತ್ತಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುತ್ತಿರುವಾಗ ಚಹಾದವನೊಬ್ಬ ಕುಡಿದು ಮುಗಿಸುವ ಮೊದಲೇ ಲೋಟ ವಾಪಸು ಕೇಳಿದ. ಪಟ್ಟಾಭಿರಾಮ ಅವನ ಮೇಲೆ ಹರಿಹಾಯ್ದ. ಅವನ ಅಪ್ಪ, ಅಜ್ಜ, ಊರು, ಚಹಾದ ಪುಡಿ, ಒಂದನ್ನೂ ಬಿಡಲಿಲ್ಲ. ಚಹಾದವನು ಬೆಪ್ಪಾಗಿ ನಿಂತ. ಹೇಮಲತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಗಂಡನ ತೋಳು ಹಿಡಿದು ಎಳೆದಳು.

“ಬಿಡಿ. ಬೈದು ತೀರಿಸೋ ಋಣ ಅಲ್ಲ ಇದು.”

ಪಟ್ಟಾಭಿರಾಮ ಬೆಂಚಿನ ಮೇಲೆ ಕೂತ. “ಮತ್ತೆ ಹೆಂಗೆ ತೀರಿಸೋದು?” ಎಂದು ಕೇಳಿದ. ಹೇಮಲತಾ ಹೆಗಲ ಮೇಲಿದ್ದ ಮಗುವನ್ನು ಇಳಿಸಿ ಅವನ ತೊಡೆಯ ಮೇಲೆ ಮಲಗಿಸಿದಳು.